ಲಗಮಣ್ಣ ಹೊಡೆದ ಬರೀ ಗಾಳಿ

ದ್ರಾಕ್ಷಿ ಬೆಳೆಯುವ ಊರಿನಲ್ಲಿ ಮನುಷ್ಯನಿಗೆ ಕಣ್ಣು ಸ್ವಲ್ಪ ಮಂದವಾಗಿದ್ದರೂ ನಡೆಯುತ್ತದೆ, ಕಿವಿ ಮಾತ್ರ ಚುರುಕಾಗಿರಬೇಕು. ಅಕ್ಟೋಬರ್ ಛಾಟಣಿ ಮುಗಿದು, ಕತ್ತರಿಸಿದ ಬಳ್ಳಿಗಳೆಲ್ಲ ಹೊಸ ಚಿಗುರು ಬಿಟ್ಟ ಮೇಲೆ ನಮ್ಮ ಕಡೆ, ಅಂದರೆ ಅಥಣಿಯಿಂದ ಕೊಕಟನೂರಿಗೆ ಹೋಗುವ ರಸ್ತೆಯ ಆಚೀಚೆ, ಯಾರೂ ಎಲೆ ನೋಡಿ ಔಷಧ ಹೊಡೆಯುವುದಿಲ್ಲ. ಪಕ್ಕದ ತೋಟದಲ್ಲಿ ಬ್ಲೋವರ್ ಸದ್ದು ಕೇಳಿದರೆ ಹೊಡೆಯುತ್ತಾರೆ. ಬ್ಲೋವರ್ ಎಂದರೆ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಔಷಧದ ಟಾಕಿ ಮತ್ತು ಒಂದು ಭಾರಿ ಫ್ಯಾನು. ಸಾಲಿನೊಳಗೆ ಔಷಧವನ್ನು ಮಂಜಿನ ಹಾಗೆ ಉಗುಳುತ್ತ ಹೋಗುವ ಅದರ ಭೋರ್ಗರೆತ ಎರಡು ಊರಿಗೆ ಕೇಳುತ್ತದೆ. ಪಕ್ಕದವನು ಹೊಡೆದು ನಾವು ಸುಮ್ಮನೆ ಕುಳಿತರೆ ರೋಗ ಅವನ ತೋಟದಿಂದ ಎದ್ದು ನೇರ ನಮ್ಮ ತೋಟಕ್ಕೆ ಬರುತ್ತದೆ ಎಂಬುದು ನಮ್ಮ ಶಾಸ್ತ್ರ. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ, ಈಗ ಒಂದೂವರೆ ಎಕರೆ ದ್ರಾಕ್ಷಿ ಇಟ್ಟುಕೊಂಡಿದ್ದೇನೆ. ಈ ಶಾಸ್ತ್ರಕ್ಕೆ ಯಾವ ಆಧಾರವೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಸದ್ದು ಕೇಳಿದರೆ ನಾನೂ ಹೊಡೆಯುತ್ತೇನೆ.

ಆದರೆ ಎಲ್ಲರ ಬ್ಲೋವರಿಗೂ ಒಂದೇ ಮರ್ಯಾದೆ ಇರುವುದಿಲ್ಲ. ಊರು ಕಿವಿಗೊಟ್ಟು ಕೇಳುವುದು ಲಗಮಣ್ಣನ ಬ್ಲೋವರನ್ನು. ಇದಕ್ಕೆ ಮೂರು ವರ್ಷದ ಹಿಂದಿನ ಒಂದು ಘಟನೆ ಕಾರಣ. ಆ ಸಲ ಸೋಮವಾರ ಔಷಧ ಹೊಡೆಯಬೇಕೆಂದು ಎಲ್ಲರಿಗೂ ಸಲಹೆ ಬಂದಿತ್ತು. ಲಗಮಣ್ಣ ಶನಿವಾರವನ್ನೇ ಸೋಮವಾರವೆಂದು ತಿಳಿದು ಹೊಡೆದುಬಿಟ್ಟ. ರವಿವಾರ ಅಕಾಲದ ಮಳೆ ಬಿತ್ತು. ಊರ ತೋಟಗಳಿಗೆಲ್ಲ ದಾವಣಿ ಎಂಬ ಬೂಜು ರೋಗ ತಗುಲಿ ಎಲೆಗಳೆಲ್ಲ ಸುಟ್ಟಂತಾದವು, ಲಗಮಣ್ಣನ ತೋಟ ಮಾತ್ರ ನಗುನಗುತ್ತ ನಿಂತಿತ್ತು. "ನಿನಗ ಹ್ಯಾಂಗ ಗೊತ್ತಾತೋ ಮಾರಾಯಾ?" ಎಂದು ಜನ ಕೇಳಿದಾಗ ಪಾಪ ಅವನು ಇದ್ದದ್ದನ್ನೇ ಹೇಳಿದ: "ನನಗ ವಾರ ತಪ್ಪಿತ್ರಿ." ಜನ ಅದನ್ನು ವಿನಯವೆಂದು ತಿಳಿದರು. ಅಂದಿನಿಂದ ಲಗಮಣ್ಣ ದ್ರಾಕ್ಷಿ ತಜ್ಞನಾದ. ತಜ್ಞನಾಗುವುದು ಸುಲಭ, ತಜ್ಞತನದಿಂದ ಬಿಡಿಸಿಕೊಳ್ಳುವುದು ಬಹಳ ಕಷ್ಟ ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಈ ಲಗಮಣ್ಣನಿಗೆ ಒಬ್ಬಳೇ ಮಗಳು, ಕೋಮಲ. ಹೋದ ಬೇಸಗೆಯಲ್ಲಿ ಅವಳನ್ನು ರಾಯಬಾಗಕ್ಕೆ ಕೊಟ್ಟರು. ಅಲ್ಲಿ ಒಂದು ಸಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಮದುವೆಯಾದ ಮೇಲೆ ಅಪ್ಪ ಮಗಳು ಫೋನಿನಲ್ಲಿ ಮಾತಾಡುವ ರೀತಿ ಹೀಗಿತ್ತು.

"ಆರಾಮ?"

"ಆರಾಮ ಅಪ್ಪಾ. ನೀ?"

"ಆರಾಮ. ಮಾವಾರು ಆರಾಮ?"

"ಆರಾಮ."

"ಹಂ. ತಗೋ, ನಿಮ್ಮವ್ವಗ ಕೊಡ್ತೀನಿ."

ಇಷ್ಟರಲ್ಲಿ ಲಗಮಣ್ಣನ ಪಾಲು ಮುಗಿಯುತ್ತಿತ್ತು. ಆಮೇಲೆ ಹೆಂಡತಿ ಶಿವಗಂಗವ್ವ ಮುಕ್ಕಾಲು ತಾಸು ಮಾತಾಡುತ್ತಿದ್ದಳು, ಇವನು ಬಾಗಿಲ ಹಿಂದೆ ನಿಂತು ಮಗಳ ಸುದ್ದಿಯನ್ನೆಲ್ಲ ಹೆಂಡತಿಯ 'ಹೌದೇನ ಬೇ' 'ಅಯ್ಯ ನಮ್ಮವ್ವ' ಗಳಿಂದ ಊಹಿಸಿಕೊಳ್ಳುತ್ತಿದ್ದ. ತೋಟದಲ್ಲಿ ಮಗಳ ಜೊತೆ ದಿನವಿಡೀ ಹರಟೆ ಹೊಡೆದುಕೊಂಡಿದ್ದ ಮನುಷ್ಯ. ಫೋನ್ ಕಿವಿಗೆ ಇಟ್ಟರೆ ಮಾತ್ರ ಮುಂದಿನ ಮಾತು ಹೊಳೆಯುತ್ತಿರಲಿಲ್ಲ.

ದಸರೆಗೆ ತೌರಿಗೆ ಬಂದ ಕೋಮಲ ಇದನ್ನು ಗಮನಿಸಿದ್ದಳೋ ಏನೋ, ತನ್ನ ಹಳೆಯ ಲ್ಯಾಪ್‌ಟಾಪನ್ನು ಅಪ್ಪನಿಗೆ ಬಿಟ್ಟು ಹೋದಳು. ಅದರಲ್ಲಿ ಹೊಲ ಮಾಡುವ ಒಂದು ಆಟ ಹಾಕಿಕೊಟ್ಟಳು. ಅವಳು ರಾಯಬಾಗದಲ್ಲಿ ಕುಳಿತು, ಇವನು ಇಲ್ಲಿ ಕುಳಿತು ಒಂದೇ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಬಹುದು, ಆಡುತ್ತ, ಮೂಲೆಯಲ್ಲಿ ಕಾಣುವ ಅವಳ ಮುಖ ನೋಡುತ್ತ ಮಾತಾಡಲೂಬಹುದು. ಸಾಲೆ ಬಿಡುವುದು ನಾಲ್ಕೂವರೆಗೆ, ಅವಳ ಬಸ್ಸು ಐದಕ್ಕೆ. ನಡುವಿನ ಅರ್ಧ ತಾಸು ಅಪ್ಪ ಮಗಳದ್ದು. ಮೂವತ್ತು ವರ್ಷ ನಿಜವಾದ ಟ್ರ್ಯಾಕ್ಟರ್ ಹೊಡೆದ ಲಗಮಣ್ಣ ಆಟದ ಟ್ರ್ಯಾಕ್ಟರನ್ನು ದಿನಾ ಕೆರೆಗೆ ಕೆಡವುತ್ತಿದ್ದ. "ಎಡಕ್ಕ ಹೊಳ್ಳಸಪ್ಪಾ, ಎಡಕ್ಕ!" ಎಂದು ಅವಳು ಕೂಗುತ್ತಿದ್ದಳು. ಕೆರೆಯಿಂದ ಎಳೆಯುತ್ತ ಎಳೆಯುತ್ತ ಸಾಲೆಯ ಸುದ್ದಿ, ಅತ್ತೆಯ ಮೊಣಕಾಲಿನ ಸುದ್ದಿ, ಗಂಡ ಚಹಾ ಮಾಡಲು ಹೋಗಿ ಹಾಲು ಉಕ್ಕಿಸಿದ ಸುದ್ದಿ ಎಲ್ಲ ಬರುತ್ತಿತ್ತು. ಲಗಮಣ್ಣನೂ ಮಾತಾಡುತ್ತಿದ್ದ. ಕಣ್ಣು ಟ್ರ್ಯಾಕ್ಟರಿನ ಮೇಲಿದ್ದರೆ ಅವನ ನಾಲಿಗೆಗೆ ನಾಚಿಕೆ ಇರುತ್ತಿರಲಿಲ್ಲ.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಐವತ್ತೆರಡು ವರ್ಷದ ದ್ರಾಕ್ಷಿ ತಜ್ಞ ತನ್ನ ನಾಲ್ಕು ಎಕರೆ ಬಿಟ್ಟು ಪೆಟ್ಟಿಗೆಯೊಳಗೆ ಉಳುತ್ತಾನೆ ಎಂದರೆ ಊರು ಬಿಟ್ಟೀತೇ? ಅದರಲ್ಲೂ ಪಕ್ಕದ ತೋಟದ ಮುರಗೆಪ್ಪನ ಬಾಯಿಗೆ ಬಿದ್ದರೆ ಮುಗಿಯಿತು. ಲ್ಯಾಪ್‌ಟಾಪ್ ಹವಾಮಾನ ನೋಡಲಿಕ್ಕೆ ಎಂದು ಹೆಂಡತಿಗೆ ಹೇಳಿದ್ದ.

ತೊಂದರೆ ಬಂದದ್ದು ಲ್ಯಾಪ್‌ಟಾಪಿನಿಂದಲೇ. ಹಳೆಯ ಯಂತ್ರ, ಆಟವೋ ಭಾರದ್ದು. ಮೊದಲ ದಿನಗಳಲ್ಲಿ ಅವನು ಮನೆಯಲ್ಲಿ ಕೌದಿಯ ಮೇಲೆ ಇಟ್ಟುಕೊಂಡು ಆಡಿದ. ಹತ್ತು ನಿಮಿಷಕ್ಕೆ ಅದರ ಒಳಗಿನ ಫ್ಯಾನು ಗುಂಯ್ ಎಂದು ಏರತೊಡಗಿತು.

"ಏನ್ರೀ, ಮನ್ಯಾಗ ಗಿರಣಿ ಹಾಕೀರೇನು?" ಎಂದಳು ಶಿವಗಂಗವ್ವ ಅಡುಗೆ ಮನೆಯಿಂದ.

"ಮಹಾರಾಷ್ಟ್ರದ ಕಡೆ ಗಾಳಿ ಬಿಟ್ಟೈತಿ, ಅದನ್ನ ತೋರ್ಸಾಕತ್ತೈತಿ," ಎಂದ ಲಗಮಣ್ಣ.

ಮಗಳು ಉಪಾಯ ಹೇಳಿದಳು. "ಕೌದಿ ಮ್ಯಾಲ ಇಡಬ್ಯಾಡಪ್ಪಾ, ಅದು ಉಸರ ಬಿಡೂ ಜಾಗಾ ಮುಚ್ಚತೈತಿ. ಗಟ್ಟಿ ಜಾಗಾದಾಗ ಇಡು, ಹಿಂದ ಸ್ವಲ್ಪ ಎತ್ತರ ಮಾಡು." ಲಗಮಣ್ಣ ಅದನ್ನು ತೋಟದ ಶೆಡ್ಡಿಗೆ ಒಯ್ದು ಎರಡು ಇಟ್ಟಂಗಿಯ ಮೇಲೆ ಕೂರಿಸಿದ. ಹಲ್ಲುಜ್ಜುವ ಬ್ರಶ್ಶಿನಿಂದ ಜಾಲರಿಯ ಧೂಳು ತೆಗೆದ. ಆಟದೊಳಗಿನ ಚಿತ್ರಗಳ ಸೊಗಸು ಕಡಿಮೆ ಮಾಡಿದರೆ ಬಿಸಿಯೂ ಕಡಿಮೆಯಾಗುತ್ತದೆ ಎಂದು ಕೋಮಲ ಹೇಳಿಕೊಟ್ಟಳು. ಕಡಿಮೆ ಮಾಡಿದ ಕೂಡಲೇ ಹುಲ್ಲು, ಗಿಡ, ನೆರಳು ಎಲ್ಲ ಮಾಯವಾದವು. "ಬೆಳಿ ಎಲ್ಲಿ ಹೋತ ಬೇ?" ಎಂದು ಲಗಮಣ್ಣ ಗಾಬರಿಯಾದ. ಬೋಳು ನೆಲ ನೋಡುವುದು ರೈತನ ಜೀವಕ್ಕೆ ಆಗಲಿಲ್ಲ, ಮತ್ತೆ ಹುಲ್ಲು ಬರಿಸಿಕೊಂಡ. ಮತ್ತೆ ಬಿಸಿ.

ನವೆಂಬರಿನ ಮೊದಲ ವಾರ ಮೋಡ ಕವಿದು ಸೆಕೆ ಹೆಚ್ಚಾಯಿತು. ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ಮನುಷ್ಯನೇ ಬೇಯುತ್ತಿದ್ದ. ಟೇಬಲ್ ಫ್ಯಾನ್ ಹಚ್ಚೋಣವೆಂದರೆ ತೋಟದ ಲೈನಿಗೆ ಕರೆಂಟು ಬರುವುದು ಬೆಳಿಗ್ಗೆ ಮಾತ್ರ. ಶುಕ್ರವಾರ ಆಟದ ನಡುವೆ ಲ್ಯಾಪ್‌ಟಾಪ್ ಪಟ್ಟನೆ ಕಪ್ಪಾಯಿತು. ಸೋಮವಾರವೂ ಅದೇ ಆಯಿತು. ಸಂಜೆ ಕೋಮಲ ಫೋನ್ ಮಾಡಿ, "ಮಿಶಿನ್ ಸುಟ್ಟಗಿಟ್ಟೀತಪ್ಪಾ. ನಾಳೆನೂ ಬಂದ್ ಬಿತ್ತು ಅಂದ್ರ ಆಟ ಬಿಟ್ಟಬಿಡೂಣು. ನಾ ಮೊದಲಿನಂಗ ಫೋನ್ ಮಾಡ್ತೀನಿ," ಎಂದಳು.

"ಹಂ," ಎಂದ ಲಗಮಣ್ಣ. "ತಗೋ, ನಿಮ್ಮವ್ವಗ ಕೊಡ್ತೀನಿ."

ಆ ರಾತ್ರಿ ಅವನು ಸರಿಯಾಗಿ ಉಣ್ಣಲಿಲ್ಲವಂತೆ. ಮೊದಲಿನ ಹಾಗೆ ಫೋನ್ ಎಂದರೆ ಮತ್ತೆ ಬಾಗಿಲ ಹಿಂದೆ ನಿಲ್ಲುವುದು. ಹೇಗಾದರೂ ಮಾಡಿ ಆ ಯಂತ್ರವನ್ನು ಅರ್ಧ ತಾಸು ತಣ್ಣಗೆ ಇಡಬೇಕು. ಅದಕ್ಕೆ ಬೇಕಾದದ್ದು ಗಾಳಿ. ಲಗಮಣ್ಣನ ಹತ್ತಿರ ಊರಲ್ಲೇ ದೊಡ್ಡ ಗಾಳಿಯ ಯಂತ್ರವಿತ್ತು.

ಮಂಗಳವಾರ ನಾಲ್ಕೂವರೆಗೆ ಅವನು ಟ್ರ್ಯಾಕ್ಟರನ್ನು ಹಿಂದೆ ಸರಿಸಿ ಬ್ಲೋವರಿನ ಮುಖವನ್ನು ಶೆಡ್ಡಿನ ಕಿಟಕಿಗೆ ಹಿಡಿದ. ಔಷಧದ ನಳ ಬಂದ್ ಮಾಡಿ ಬರೀ ಫ್ಯಾನು ಚಾಲೂ ಮಾಡಿದ. ಮೊದಲ ಹೊಡೆತಕ್ಕೆ ಟೋಪಿ, ಟಾವೆಲ್ಲು, ಎರಡು ಗೊಬ್ಬರದ ಚೀಲ ಹಾರಿ ಹೋದವು. ಪೈಪಿನಲ್ಲಿ ಉಳಿದಿದ್ದ ಮೈಲುತುತ್ತದ ನೀರು ಸಿಡಿದು ಮುಖ ಕೈಯೆಲ್ಲ ನೀಲಿಯಾಯಿತು, ಪುಣ್ಯಕ್ಕೆ ಲ್ಯಾಪ್‌ಟಾಪನ್ನು ಇನ್ನೂ ತೆರೆದಿರಲಿಲ್ಲ. ಟ್ರ್ಯಾಕ್ಟರನ್ನು ಮೂವತ್ತು ಹೆಜ್ಜೆ ದೂರ ಒಯ್ದ ಮೇಲೆ ಗಾಳಿ ಹದಕ್ಕೆ ಬಂತು. ಲ್ಯಾಪ್‌ಟಾಪ್ ಅರ್ಧ ತಾಸು ಒಂದು ಸಲವೂ ತಕರಾರು ಮಾಡಲಿಲ್ಲ.

"ಏನಪ್ಪಾ ಅದು ಸಪ್ಪಳಾ?" ಎಂದು ಕೋಮಲ ಕೇಳಿದಳು.

"ಮುರಗೆಪ್ಪ ಔಷಧಾ ಹೊಡ್ಯಾಕತ್ತಾನ," ಎಂದ ಲಗಮಣ್ಣ.

ಅದು ಸುಳ್ಳು. ಆದರೆ ಹತ್ತೇ ನಿಮಿಷದಲ್ಲಿ ನಿಜವಾಯಿತು. ಮೋಡದ ದಿನ, ತಜ್ಞನ ಬ್ಲೋವರ್ ಸದ್ದು, ಇನ್ನೇನು ಬೇಕು? ಮುರಗೆಪ್ಪ ತಿನ್ನುತ್ತಿದ್ದ ಭಜಿ ಬಿಟ್ಟು ಎದ್ದ. ಅವನ ಸದ್ದು ಕೇಳಿ ಆಚೆಯವರು, ಅವರದ್ದು ಕೇಳಿ ನಾನು. ದೀಪ ಹಚ್ಚುವ ಹೊತ್ತಿಗೆ ಊರ ಸುತ್ತ ನಲವತ್ತು ಬ್ಲೋವರು ಗರ್ಜಿಸುತ್ತಿದ್ದವು. ಔಷಧ ಮಾರುವ ಅಣ್ಣಾಸಾಬನ ಅಂಗಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಂದವರೆಲ್ಲ, "ಲಗಮಣ್ಣ ಏನ್ ಒಯ್ದಾನ? ಅದನ್ನ ಕೊಡು," ಎನ್ನುತ್ತಿದ್ದರು. ಲಗಮಣ್ಣ ಏನನ್ನೂ ಒಯ್ದಿಲ್ಲ ಎಂದು ಅಣ್ಣಾಸಾಬ ಆಣೆ ಮಾಡಿದ. ಹಾಗಾದರೆ ಮಾಲು ಮಿರಜಿನಿಂದ ಗುಟ್ಟಾಗಿ ಬಂದಿದೆ ಎಂದು ತೀರ್ಮಾನವಾಯಿತು.

ಬುಧವಾರ ಮತ್ತೆ ನಾಲ್ಕೂವರೆಗೆ ಸದ್ದು. ಬೆನ್ನುಬೆನ್ನಿಗೆ ಎರಡು ದಿನ ಯಾರೂ ಹೊಡೆಯುವುದಿಲ್ಲ. ಐದು ಗಂಟೆಗೆ ನಾನೂ ಮುರಗೆಪ್ಪನೂ ಲಗಮಣ್ಣನ ತೋಟದ ದಾರಿಯಲ್ಲಿ ಕಾದು ನಿಂತೆವು. ನಮ್ಮ ಜೊತೆ ಉತ್ತಮ ಸಾಹೇಬರೂ ಇದ್ದರು. ಇವರು ತಾಸಗಾವದಿಂದ ವಾರಕ್ಕೊಮ್ಮೆ ಮೋಟರ್ ಸೈಕಲ್ ಮೇಲೆ ಬಂದು ದ್ರಾಕ್ಷಿಗೆ ಸಲಹೆ ಕೊಡುವವರು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡಿದರೂ ಅನುಮಾನವನ್ನು ಎರಡೂ ಭಾಷೆಯಲ್ಲಿ ಪೂರ್ತಿ ಪಡುವವರು. ಲಗಮಣ್ಣ ನೀಲಿ ಮುಖ ಹೊತ್ತು ಹೊರಗೆ ಬಂದ. ಮೈಲುತುತ್ತದ ಬಣ್ಣ ಸುಲಭಕ್ಕೆ ಹೋಗುವುದಿಲ್ಲ.

"ಖರೆ ಹೇಳ ಲಗಮಣ್ಣಾ, ಏನ್ ಹೊಡ್ಯಾಕತ್ತಿ?" ಎಂದ ಮುರಗೆಪ್ಪ.

ಲಗಮಣ್ಣನಿಗೆ ಸುಳ್ಳು ಹೇಳಲು ಸ್ವಲ್ಪ ಸಮಯ ಬೇಕಾಗುತ್ತದೆ. ಅವಸರದಲ್ಲಿ ಕೇಳಿದರೆ ನಿಜವೇ ಬಂದುಬಿಡುತ್ತದೆ. "ಏನೂ ಇಲ್ಲೋ. ಬರೀ ಗಾಳಿ."

"ಬರೀ ಗಾಳಿ?"

"ಹೌದೋ. ಟಾಕಿ ಖಾಲಿ ಐತಿ, ಬೇಕಂದ್ರ ಹೋಗಿ ನೋಡು."

ಮುರಗೆಪ್ಪ ಹೋಗಿ ನೋಡಿದ. ಟಾಕಿ ಖಾಲಿ ಇತ್ತು. ಅವನು ಬಾಯಿ ತೆರೆಯುವ ಮೊದಲೇ ಉತ್ತಮ ಸಾಹೇಬರು ಕೈ ಎತ್ತಿದರು. ಅವರ ಕಣ್ಣುಗಳು ದೊಡ್ಡವಾಗಿದ್ದವು. "ಥಾಂಬಾ! ಒಂದ ಮಿನಿಟ್ ತಡೀರಿ. ಎಲಿ ಮ್ಯಾಲ ಇಬ್ಬನಿ ನಿಂತ್ರ ರೋಗ ಬರತೈತಿ, ಬರೋಬರ್? ಸಂಜಿ ಮುಂದ ಬರೀ ಗಾಳಿ ಹೊಡದ್ರ ಎಲಿ ಒಣಗ್ತಾವ. ಎಲಿ ಒಣಗಿದ್ರ ರೋಗ ಎಲ್ಲಿ ಕುಂದ್ರತೈತಿ? ಕುಠೇ ಬಸಣಾರ?"

ನಾವು ಮೂವರೂ ಲಗಮಣ್ಣನನ್ನು ನೋಡಿದೆವು. ಲಗಮಣ್ಣ ಉತ್ತಮ ಸಾಹೇಬರನ್ನು ನೋಡಿದ. ಅಲ್ಲ ಎನ್ನಬೇಕೆಂದು ಅವನ ಮನಸ್ಸಿನಲ್ಲಿತ್ತು, ಅಲ್ಲ ಎಂದರೆ ಮತ್ತೇನು ಎಂಬ ಪ್ರಶ್ನೆ ಬರುತ್ತದೆ. "ಹಂಗ ಅನ್ರಿ," ಎಂದ.

ವಿಜ್ಞಾನ ಕಲಿಸಿದವನಾಗಿ ನಾನು ಅಲ್ಲಿ ಒಂದೆರಡು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಮನೆಗೆ ಹೋಗಿ ನನ್ನ ಟಾಕಿ ಖಾಲಿ ಮಾಡಿದೆ.

ಬರೀ ಗಾಳಿಯ ಸುದ್ದಿ ಮುರಗೆಪ್ಪನ ಬಾಯಿಂದ ರಾತ್ರಿಯೇ ಊರೆಲ್ಲ ಹರಡಿತ್ತು. ಗುರುವಾರ ನಾಲ್ಕೂವರೆಗೆ ಲಗಮಣ್ಣನ ಬ್ಲೋವರ್ ಶುರುವಾದ ಕ್ಷಣಕ್ಕೇ ನಲವತ್ತು ತೋಟದಲ್ಲಿ ನಲವತ್ತು ಖಾಲಿ ಬ್ಲೋವರುಗಳು ಒಟ್ಟಿಗೆ ಶುರುವಾದವು. ಮಂಗಳವಾರ ಒಂದರ ಹಿಂದೆ ಒಂದು ಬಂದಿದ್ದ ಸದ್ದು ಈಗ ಒಂದೇ ಏಟಿಗೆ ಬಂತು. ಎಮ್ಮೆಗಳು ಗೂಟ ಕಿತ್ತವು. ಸಾಲೆಯ ಪತ್ರಾಸು ನಡುಗಿತು. ಮುದುಕಿ ಗಂಗೂಬಾಯಿ ವಿಮಾನ ಇಳಿಯಿತೆಂದು ಹೊರಗೆ ಬಂದು ಕೈ ಮುಗಿದಳು. ಯಾರ ತೋಟದಲ್ಲೂ ಒಂದು ಹನಿ ಔಷಧವಿಲ್ಲ, ಎಲ್ಲರೂ ಗಂಭೀರವಾಗಿ ಗಾಳಿ ಹೊಡೆಯುತ್ತಿದ್ದೆವು. ಮುರಗೆಪ್ಪನಂತೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ.

ಶೆಡ್ಡಿನೊಳಗೆ ಲಗಮಣ್ಣನ ಪಾಡು ಬೇರೆ. ಲ್ಯಾಪ್‌ಟಾಪ್ ತಣ್ಣಗಿತ್ತು, ಮಗಳು ಬಂದಿದ್ದಳು, ಅವಳ ತುಟಿ ಅಲ್ಲಾಡುವುದು ಚಿತ್ರದಲ್ಲಿ ಕಾಣುತ್ತಿತ್ತು. ಒಂದು ಮಾತೂ ಕೇಳುತ್ತಿರಲಿಲ್ಲ. ಅವನು ಕೂಗಿದ. ಅವಳು ಕಿವಿಗೆ ಕೈ ಇಟ್ಟು ತಲೆ ಆಡಿಸಿದಳು. ಅವನು ತನ್ನ ಬ್ಲೋವರನ್ನು ಬಂದ್ ಮಾಡಿ ಬಂದ, ಏನೂ ಫರಕಾಗಲಿಲ್ಲ. ಅವಳು ಕೊನೆಗೆ ಒಂದು ಸಾಲು ಬರೆದು ಕಳಿಸಿದಳು: 'ಕೇಳವಲ್ದಪ್ಪಾ. ಇನ್ನ ಫೋನಿನ್ಯಾಗ ಮಾತಾಡೂಣು ಬಿಡು.'

ಅದನ್ನು ಓದಿದ ಲಗಮಣ್ಣ ಶೆಡ್ಡಿನಿಂದ ಹೊರಬಿದ್ದವನೇ ತಂತಿ ದಾಟಿ ಮುರಗೆಪ್ಪನ ಟ್ರ್ಯಾಕ್ಟರಿಗೆ ಅಡ್ಡ ನಿಂತ. ನೀಲಿ ಮುಖ, ಕೆದರಿದ ಕೂದಲು, ಎರಡೂ ಕೈ ಮೇಲೆ. "ಬಂದ್ ಮಾಡ್ರೋ! ನಿಮ್ಮ ಕಾಲ ಬೀಳ್ತೀನಿ, ಬಂದ್ ಮಾಡ್ರೋ!"

ತಜ್ಞರು ಹೇಳಿದ ಮೇಲೆ ಮುಗಿಯಿತು. ಇಷ್ಟೇ ಹೊತ್ತು ಹೊಡೆಯಬೇಕೆಂಬ ಲೆಕ್ಕವಿದ್ದೀತು ಎಂದುಕೊಂಡು ಮುರಗೆಪ್ಪ ಬಂದ್ ಮಾಡಿದ. ಅದು ನಿಂತಿತೆಂದು ನನ್ನದು ನಿಂತಿತು, ನನ್ನದು ನಿಂತಿತೆಂದು ಆಚೆಯದು. ಎರಡು ನಿಮಿಷದಲ್ಲಿ ಊರು ಸ್ತಬ್ಧವಾಯಿತು. ಆ ಮೌನದಲ್ಲಿ ಶೆಡ್ಡಿನ ಕಿಟಕಿಯಿಂದ ಒಂದು ಹೆಣ್ಣು ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಅಪ್ಪಾ! ಎಲ್ಲಿ ಹೋದೀ? ಟ್ರ್ಯಾಕ್ಟರ್ ನೀರಾಗ ಮುಳುಗಾಕತ್ತೈತಿ!"

ನಾವೆಲ್ಲ ಓಡಿದೆವು. ಯಾರ ಟ್ರ್ಯಾಕ್ಟರು, ಯಾವ ನೀರು, ಯಾರು ಒಳಗಿದ್ದಾರೆ, ಒಂದೂ ತಿಳಿಯದು. ಮುರಗೆಪ್ಪ ಹಗ್ಗ ಹಿಡಿದಿದ್ದ. ಗಾಳಿಯ ಫಲ ನೋಡಲೆಂದು ಊರಲ್ಲೇ ಉಳಿದಿದ್ದ ಉತ್ತಮ ಸಾಹೇಬರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಓಡುತ್ತಿದ್ದರು. ಮಗಳ ಧ್ವನಿ ಕೇಳಿದ ಶಿವಗಂಗವ್ವ ಮೇವಿನ ಹೊರೆ ಚೆಲ್ಲಿ ಎಲ್ಲರಿಗಿಂತ ಮೊದಲು ಶೆಡ್ಡಿಗೆ ನುಗ್ಗಿದಳು. ಒಳಗೆ ಎರಡು ಇಟ್ಟಂಗಿಯ ಮೇಲೆ ಲ್ಯಾಪ್‌ಟಾಪ್, ಅದರ ಮೂಲೆಯಲ್ಲಿ ಕೋಮಲಳ ಮುಖ, ನಡುವೆ ಕೆರೆಯಲ್ಲಿ ಅರ್ಧ ಮುಳುಗಿದ ಒಂದು ಕೆಂಪು ಟ್ರ್ಯಾಕ್ಟರು.

ಮೊದಲು ಅರ್ಥವಾದದ್ದು ಮುರಗೆಪ್ಪನಿಗೆ.

"ಆಟಾ?" ಎಂದ. "ಲೇ ಲಗಮ್ಯಾ, ಆಟಾ ಆಡಾಕ ಬ್ಲೋವರ್ ಹಚ್ಚಿದ್ಯಾ? ಮಂಗಳವಾರ ನನ್ನ ಔಷಧಾ ಎಲ್ಲಾ ಹೋತು. ಇವತ್ತ ಹುಚ್ಚರಂಗ ಊರ ಮಂದಿ ಎಲ್ಲಾ ಗಾಳಿ ಹೊಡದ್ವಿ. ಎಲ್ಲಾರ ಮುಂದ ಹೇಳು, ಯಾಕ ಹಿಂಗ ಮಾಡ್ದಿ?"

ಹೊರಗಿನ ಗಾಳಿ ನಿಂತು ಲ್ಯಾಪ್‌ಟಾಪ್ ಬಿಸಿಯಾಗತೊಡಗಿತ್ತು. ಅದರ ಫ್ಯಾನು ಸಣ್ಣಗೆ ಏರಿತು. ಲಗಮಣ್ಣನ ಕಣ್ಣು ಮುರಗೆಪ್ಪನ ಮೇಲಿರಲಿಲ್ಲ, ಆ ಸದ್ದಿನ ಮೇಲಿತ್ತು.

"ಅದು ಬಂದ್ ಬೀಳ್ತೈತೋ ಮುರಗೆಪ್ಪಾ," ಎಂದ. "ಬಿಸಿ ಆದ್ರ ಬಂದ್ ಬೀಳ್ತೈತಿ. ಬಂದ್ ಬಿತ್ತಂದ್ರ ಮುಗೀತು. ನನಗ ಫೋನಿನ್ಯಾಗ ಮಗಳ ಜೋಡಿ ಮಾತಾಡಾಕ ಬರೂದಿಲ್ಲ. ಏನ್ ಮಾಡ್ಲಿ? ಆರಾಮೇನು ಅಂದ ಮ್ಯಾಲ ಮುಂದ ಏನೂ ಬರೂದಿಲ್ಲ. ಇದರಾಗ ಹೊಲಾ ಹೊಡಕೋತ ಇದ್ರ ಮಾತ ಬರತಾವ. ಅದಕ್ಕ ಗಾಳಿ ಹಚ್ಚಿದ್ನಿ."

ಇಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಲ್ಯಾಪ್‌ಟಾಪಿನಿಂದ ಕೋಮಲ ಮೆಲ್ಲಗೆ, "ನನಗೂ ಫೋನಿನ್ಯಾಗ ಬರೂದಿಲ್ಲಪ್ಪಾ," ಎಂದಳು.

ಶಿವಗಂಗವ್ವ ಹವಾಮಾನದ ಬಗ್ಗೆ ಗಂಡನಿಗೆ ಹೇಳಬೇಕಾದದ್ದು ಬಹಳ ಇತ್ತು. ಅದನ್ನೆಲ್ಲ ಆಮೇಲಿಗೆ ಇಟ್ಟು, ಸೆರಗು ಬಿಚ್ಚಿ ಹಿಡಿದು ಲ್ಯಾಪ್‌ಟಾಪಿಗೆ ಗಾಳಿ ಬೀಸತೊಡಗಿದಳು. ಉತ್ತಮ ಸಾಹೇಬರು ರೋಗಗಳ ಬಣ್ಣದ ಚಾರ್ಟನ್ನು ಬಿಚ್ಚಿ ಇನ್ನೊಂದು ಬದಿಯಿಂದ ಬೀಸಿದರು. ನಾನು ಟಾವೆಲ್ಲಿನಿಂದ ಬೀಸಿದೆ, ಕಣ್ಣು ಒರೆಸಿಕೊಳ್ಳಲು ನಡುವೆ ಒಮ್ಮೆ ನಿಲ್ಲಿಸಿದೆ. ಫ್ಯಾನಿನ ಸದ್ದು ನಿಧಾನವಾಗಿ ಇಳಿಯಿತು. ಲಗಮಣ್ಣ ಕುಳಿತು, ನೀಲಿ ಕೈಯಿಂದ ಟ್ರ್ಯಾಕ್ಟರನ್ನು ಕೆರೆಯಿಂದ ಎಳೆಯತೊಡಗಿದ. "ಎಡಕ್ಕ ಬೇ, ನಿಮ್ಮಪ್ಪಗ ಹೇಳು," ಎಂದು ಶಿವಗಂಗವ್ವ ಬೀಸುತ್ತಲೇ ಮಗಳಿಗೆ ಹೇಳಿದಳು.

ಮುರಗೆಪ್ಪ ಒಬ್ಬನೇ ಹಗ್ಗ ಹಿಡಿದು ನಿಂತಿದ್ದ. ಬೈಯಲು ಎಳೆದುಕೊಂಡ ಉಸಿರು ಹಾಗೇ ಉಳಿದಿತ್ತು. ಕೊನೆಗೆ ಕೇಳಿದ: "ಇದು ಎಷ್ಟ ಮಂದಿ ಆಡಾಕ ಬರತೈತಿ?"

"ನಾಕ ಮಂದಿ, ಕಾಕಾ," ಎಂದಳು ಕೋಮಲ.

ಮುರಗೆಪ್ಪನ ಮಗಳು ಗಂಗಾಳನ್ನು ನಿಪ್ಪಾಣಿಗೆ ಕೊಟ್ಟು ಆರು ವರ್ಷವಾಗಿತ್ತು. ಅವನು ಹಗ್ಗ ಕೆಳಗೆ ಹಾಕಿ, ಬಾಗಿಲ ಹೊರಗೆ ಹೋಗಿ, ಮೊಬೈಲಿನಲ್ಲಿ ಅವಳ ಹೆಸರು ಹುಡುಕಿ ಒತ್ತಿದ.

"ಗಂಗಾ. ನಾ ಬೇ, ನಿಮ್ಮಪ್ಪ."

ಆ ಕಡೆಯ ಧ್ವನಿ ನಮಗೆಲ್ಲ ಕೇಳುವಷ್ಟು ಜೋರಾಗಿತ್ತು. "ಅಪ್ಪಾ? ಯಾಕಪ್ಪಾ? ಅವ್ವಗ ಏನಾತು?"

"ಏನೂ ಆಗಿಲ್ಲ ಬೇ. ಸುಮ್ನ ಮಾಡೀನಿ."

"ಸುಳ್ಳ ಹೇಳಬ್ಯಾಡ. ಆರ ವರ್ಷದಾಗ ನೀ ಒಮ್ಮೆರೆ ಫೋನ್ ಮಾಡೀಯೇನು? ಅವ್ವ ಇದ್ದಾಳೋ ಇಲ್ಲೋ, ಖರೆ ಹೇಳು."

"ಇದ್ದಾಳ. ಆರಾಮ ಅದಾಳ. ಜ್ವಾಳಾ ಹಸನ ಮಾಡಾಕತ್ತಾಳ. ನಾನೂ ಆರಾಮ ಅದೀನಿ."

ಗಂಗಾ ನಂಬಲಿಲ್ಲ. ದೊಡ್ಡ ದನಿ ತೆಗೆದು ಅಳತೊಡಗಿದಳು. ಊರಲ್ಲಿ ಯಾರಿಗೂ ಹೆದರದ ಮುರಗೆಪ್ಪ ಹೆದರಿಬಿಟ್ಟ. ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಶೆಡ್ಡಿನೊಳಗೆ ಬಂದು, "ಅಕಿ ಅಳಾಕತ್ತಾಳ. ಮುಂದ ಏನ್ ಅನಬೇಕೋ ಲಗಮಣ್ಣಾ?" ಎಂದು ಕೇಳಿದ.

ಲಗಮಣ್ಣ ಆಟ ನಿಲ್ಲಿಸಿ ಸ್ವಲ್ಪ ಯೋಚನೆ ಮಾಡಿದ.

"ಏನೂ ಅನಬ್ಯಾಡ," ಎಂದ. "ಅಕಿ ಅಳೂದು ಮುಗಿಯೂತನಕ ಫೋನ್ ಇಡಬ್ಯಾಡ, ಅಷ್ಟ."

ಮುರಗೆಪ್ಪ ಇಡಲಿಲ್ಲ.